ಹನ್ನೆರಡನೆಯ ಚಿತ್ರ ಅಮ್ಮನದು

ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರನ್ನು ನೆನೆದ ಬರಹವೊಂದನ್ನು ಓದಿದಾಗ ಅಪ್ಪ ಕಣ್ಣ ಮುಂದೆ ಬಂದರು. ಮಕ್ಕಳನ್ನು ಕುರಿತ ಸತ್ಯನ್ ಅವರ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡ ಸುದ್ದಿಯನ್ನು ಅಪ್ಪ ತಮ್ಮ ಸ್ಟುಡಿಯೊಗೆ ಬಂದವರಿಗೆಲ್ಲ ಹೇಳುತ್ತಿದ್ದರು. ‘ನಮ್ಮ ಮೈಸೂರಿನವರು’ ಎನ್ನುವಾಗ ಅವರ ದನಿಯೇ ಬೇರೆ.

ಅಪ್ಪನದು ಸಣ್ಣ ಊರಿನ ಸ್ಟುಡಿಯೊ. ಮದುವೆ ಮನೆಯಲ್ಲಿ ಮುಖ ಗಂಟಿಕ್ಕಿ ನಿಂತ ಬೀಗರನ್ನು ನಗಿಸಲು ಕ್ಯಾಮೆರಾದ ಹಿಂದಿನಿಂದ ಬೆಕ್ಕಿನಂತೆ ಕೂಗುತ್ತಿದ್ದರು. ಅವರು ಬೆಕ್ಕನ್ನು ಹುಡುಕುತ್ತ ನಗುವಷ್ಟರಲ್ಲಿ ಚಿತ್ರ ಮುಗಿದಿರುತ್ತಿತ್ತು. ನಡುರಾತ್ರಿ ಮನೆಗೆ ಬಂದರೂ ಕಾಗದದಲ್ಲಿ ಸುತ್ತಿದ ಚಿರೋಟಿ ನಮಗೆ ತಪ್ಪದೆ ಸಿಗುತ್ತಿತ್ತು. ಮರುದಿನ ಬಚ್ಚಲುಮನೆಯೇ ಡಾರ್ಕ್‌ರೂಮ್. ಕೆಂಪು ದೀಪದ ಕೆಳಗೆ ಟ್ರೇಯಲ್ಲಿನ ಬಿಳಿಯ ಕಾಗದದ ಮೇಲೆ ಮೊದಲು ಹುಬ್ಬು, ಆಮೇಲೆ ಮೂಗುತಿ, ನಿಧಾನವಾಗಿ ಇಡೀ ಮುಖ ಮೂಡುವುದನ್ನು ನಾನೂ ತಂಗಿಯೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅಪ್ಪನ ಬೆರಳುಗಳಿಗೆ ಸದಾ ಹೈಪೋ, ಅಂದರೆ ಮೂಡಿದ ಚಿತ್ರವನ್ನು ಕಾಗದದಲ್ಲಿ ನಿಲ್ಲಿಸುವ ರಾಸಾಯನಿಕದ ವಾಸನೆ. ಈಗಲೂ ಆ ವಾಸನೆ ಸಿಕ್ಕರೆ ನನ್ನ ಕಣ್ಣು ತುಂಬುತ್ತದೆ.

ಅವರ ಯಾಶಿಕಾ ಕ್ಯಾಮೆರಾದಲ್ಲಿ ಒಂದು ರೋಲ್ ಫಿಲ್ಮಿಗೆ ಹನ್ನೆರಡೇ ಚಿತ್ರ. ಕೈ ಎಷ್ಟೇ ಬಿಗಿಯಿದ್ದರೂ ಆಗಾಗ ಹನ್ನೆರಡನೆಯದನ್ನು ಅಮ್ಮನಿಗೆಂದು ಉಳಿಸಿಕೊಂಡು ಬರುತ್ತಿದ್ದರು. ಅಂಥ ಚಿತ್ರಗಳೇ ಒಂದು ಆಲ್ಬಮ್ ತುಂಬ ಇವೆ. ಬಹುಪಾಲು ಎಲ್ಲದರಲ್ಲೂ ಅಮ್ಮ ಅಡುಗೆಮನೆಯ ಬಾಗಿಲಲ್ಲಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ‘ಸಾಕು ಬಿಡಿ’ ಎನ್ನುತ್ತಿದ್ದಾಳೆ.