ಪೋಡಿನ ಕಟ್ಟುಪಾಡು ಪೋಡಿನವರೇ ಬರೆಯಲಿ

ಹೋದ ವರ್ಷ ಬೇಸಿಗೆಯಲ್ಲಿ ಬಿಳಿಗಿರಿರಂಗನಬೆಟ್ಟದ ಒಂದು ಸೋಲಿಗರ ಪೋಡಿನ ಸಭೆಯಲ್ಲಿ ಕೂತಿದ್ದೆ. ಸೋಲಿಗರು ಅಲ್ಲಿನ ಆದಿವಾಸಿಗಳು, ಪೋಡು ಅಂದರೆ ಕಾಡೊಳಗಿನ ಅವರ ಪುಟ್ಟ ಊರು. ಕಾಡು ಬಳಸುವ ನಿಯಮದ ಬಗ್ಗೆ ಅವರು ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ನನ್ನ ಕೆಲಸ. ನನ್ನ ಅಕ್ಷರ ದುಂಡಗಿದೆ ಅಂತ ಗೆಳೆಯರೊಬ್ಬರು ಕರೆದುಕೊಂಡು ಹೋಗಿದ್ದರು.

ಸಭೆ ಶುರುವಾಗುವ ಮುಂಚೆ ಒಬ್ಬ ಹುಡುಗ ಜೆರಾಕ್ಸ್ ಕಟ್ಟೊಂದನ್ನು ತಂದು ಕೊಟ್ಟ. "ಬೈಲಾ ಸಾರ್, ನಮ್ಮ ಪೋಡಿನ ನಿಯಮ. ಆಫೀಸಿನಿಂದ ಕೊಟ್ರು. ಕೆಳಗೆ ಎಲ್ಲರೂ ಸಹಿ ಹಾಕಿದ್ರೆ ಸಾಕಂತೆ." 11 ಪುಟ ಇತ್ತು. ಎರಡನೇ ಪುಟದಲ್ಲಿ ಬೇರೆ ಯಾವುದೋ ಊರಿನ ಹೆಸರು ಹಾಗೇ ಉಳಿದಿತ್ತು. ಏಳನೇ ಪುಟದಲ್ಲಿ ಕೆರೆಯ ಮೀನು ಹರಾಜು ಹಾಕುವ ನಿಯಮ. ಆ ಪೋಡಿಗೆ ಕೆರೆಯೇ ಇಲ್ಲ. ನನಗೆ ತುಂಬಾ ಬೇಜಾರಾಯಿತು. ಇದನ್ನು ಕೊಟ್ಟವರು ಒಂದು ಸಲವಾದರೂ ಅಲ್ಲಿಗೆ ಬಂದು ಕೂತಿದ್ದರೆ ಹೀಗಾಗುತ್ತಿತ್ತಾ?

ಆದರೂ ಓದಿ ಹೇಳಿದೆ. "ಕಿರು ಅರಣ್ಯ ಉತ್ಪನ್ನ" ಅಂತ ಬಂದಾಗ ಮುಂದೆ ಕೂತಿದ್ದ ಅಜ್ಜಿ ಕೇಳಿದರು, "ಹಂಗಂದ್ರೆ ಏನಪ್ಪಾ?"

"ನೆಲ್ಲಿಕಾಯಿ, ಜೇನು, ಸೀಗೆ, ಪಾಚಿ, ಅಂಟುವಾಳ... ಇವೇ ಅಜ್ಜಿ."

"ಮತ್ತೆ ಹಂಗೇ ಬರಿ."

ಜೆರಾಕ್ಸ್ ಪಕ್ಕಕ್ಕಿಟ್ಟು ಹೊಸ ನೋಟ್‌ಬುಕ್ ತೆಗೆದೆವು. ಆಮೇಲೆ ನನ್ನ ಕೈಗೆ ಬಿಡುವೇ ಸಿಗಲಿಲ್ಲ. ನೆಲ್ಲಿಯ ಕೊಂಬೆ ಕಡಿಯಬಾರದು. ಕಾಯಿ ಬಲಿಯುವ ಮುಂಚೆ ಯಾರೂ ಕಾಡಿಗೆ ಚೀಲ ಒಯ್ಯಬಾರದು. ಒಂದೊಂದು ಮರದಲ್ಲೂ ಜಿಂಕೆಗೆ, ಹಕ್ಕಿಗೆ ಅಂತ ಸ್ವಲ್ಪ ಬಿಡಬೇಕು. ಹೆಜ್ಜೇನಿನ ಹುಟ್ಟು ಪೂರ್ತಿ ಕೊಯ್ಯಬಾರದು, ಮರಿ ಇರುವ ಕಡೆ ಕೈ ಹಾಕಬಾರದು. ಇದ್ಯಾವುದೂ ಅವತ್ತು ಹುಟ್ಟಿದ್ದಲ್ಲ. ಅಜ್ಜ, ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು. ಮುರಿದವರಿಗೆ ದಂಡ ಎಷ್ಟು ಅನ್ನುವುದರ ಮೇಲೆ ಮಾತ್ರ ಒಂದು ಗಂಟೆ ಮಾತು ನಡೆಯಿತು. 500 ರೂಪಾಯಿ ಅಂದರು ಒಬ್ಬರು. ದುಡ್ಡಿಲ್ಲದವನು ಎಲ್ಲಿಂದ ತರಬೇಕು ಅಂದರು ಇನ್ನೊಬ್ಬರು. ಕೊನೆಗೆ, ಒಂದು ದಿನ ಪೂರ್ತಿ ಕಾಡಿಗೆ ಹಬ್ಬಿದ ಲಂಟಾನ ಕಳೆ ಕೀಳಬೇಕು ಅಂತ ತೀರ್ಮಾನವಾಯಿತು. ಯಾವ ಆಫೀಸಿನವರಿಗೆ ಇದು ಹೊಳೆಯುತ್ತಿತ್ತು ಹೇಳಿ?

ಆಗ ಆ ಹುಡುಗ ಕೇಳಿದ, "ಹೊರಗಿನವರು ಬಂದು ಕಡಿದರೆ?" ಯಾರೂ ಮಾತಾಡಲಿಲ್ಲ.

ನಾನು ಇದನ್ನೆಲ್ಲ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನು ಕಾಡು, ಕಾಡುಪ್ರಾಣಿ, ನೀರಿನ ಸೆಲೆ ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಆ ಗ್ರಾಮಸಭೆ ಅಂದರೆ ಹತ್ತೂರು ಸೇರಿದ ಪಂಚಾಯ್ತಿ ಸಭೆ ಅಲ್ಲ, ಕಾಡೊಳಗಿನ ಆ ಊರಿನ ಸಭೆ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೊಡ್ಡ ವಿಷಯವೇ. ಆದರೆ ಪೋಡಿನವರು ಬರೆದ ನಿಯಮವನ್ನು ಗಾರ್ಡು, ಪೊಲೀಸು, ವ್ಯಾಪಾರಿ ಒಪ್ಪದಿದ್ದರೆ ಆ ಹುಡುಗನಿಗೆ ಏನು ಉತ್ತರ ಕೊಡೋದು?

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಕೆನಡಾದಲ್ಲಿ ಮೂಲನಿವಾಸಿಗಳ ಕೌನ್ಸಿಲ್ ಮಾಡಿದ ಬೈಲಾವನ್ನು ಮಂತ್ರಿ 40 ದಿನದೊಳಗೆ ತಳ್ಳಿಹಾಕಬಹುದಿತ್ತು. ಆ ಅಧಿಕಾರವನ್ನು 2014ರಲ್ಲಿ ತೆಗೆದರು. ಆದರೂ ಅವರ ಬೈಲಾ ಮುರಿದವರ ಮೇಲೆ ಪೊಲೀಸರು ಕೇಸು ಹಾಕುವುದಿಲ್ಲ, ಸರ್ಕಾರಿ ವಕೀಲರು ಕೇಸು ನಡೆಸುವುದಿಲ್ಲ ಅನ್ನೋ ದೂರು ಆಮೇಲೂ ನಿಂತಿಲ್ಲ. ನಮ್ಮ ಹತ್ತಿರದ್ದೇ ಬೇಕೆಂದರೆ ಮಹಾರಾಷ್ಟ್ರದ ಗಡ್‌ಚಿರೋಲಿಯ ಮೇಂಢಾ ಲೇಖಾ ನೋಡಿ. ಗೊಂಡ ಆದಿವಾಸಿಗಳ ಊರು. ಎಲ್ಲರೂ ಒಪ್ಪುವ ತನಕ ಯಾವ ತೀರ್ಮಾನವೂ ಇಲ್ಲ, ಓಟು ಹಾಕಿ ಗೆಲ್ಲುವುದಿಲ್ಲ. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಬಂತು. ಆದರೆ ತಾವು ಕಡಿದ ಬಿದಿರನ್ನು ಸಾಗಿಸುವ ಪಾಸು ಊರಿನ ಕೈಗೆ ಬಂದದ್ದು 2011ರ ಏಪ್ರಿಲ್‌ನಲ್ಲಿ, ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಖುದ್ದಾಗಿ ಬಂದ ಮೇಲೆ. ಊರೂರಿಗೂ ಒಬ್ಬ ಮಂತ್ರಿ ಬರೋಕಾಗುತ್ತಾ?

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ, ಅಂದರೆ ಆದಿವಾಸಿಗಳಿಗಾಗಿ ಗುರುತಿಸಿದ ವಿಶೇಷ ಪ್ರದೇಶವೇ, ಇಲ್ಲ. ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಸೋಲಿಗರಿಗಾಗಲಿ ಜೇನುಕುರುಬರಿಗಾಗಲಿ ಅನ್ವಯಿಸುವುದಿಲ್ಲ. ಅದಕ್ಕೇ ನಮ್ಮ ಸರ್ಕಾರದ ನೆರವು ಇಲ್ಲಿ ಜಾಸ್ತಿ ಬೇಕು. ಸಭೆಗೆ ಬರುವವರಿಗೆ ಆ ದಿನದ ಕೂಲಿ ಕೊಡಲಿ. ಎಲ್ಲೆ ಗುರುತಿಸಲು ಸರ್ವೆಯವರನ್ನು ಕಳಿಸಲಿ. ಸಂಶಯ ಬಂದಾಗ ಕೇಳೋಕೆ ವಕೀಲರೊಬ್ಬರಿರಲಿ. ಬರೆದ ಪುಸ್ತಕದ ಒಂದು ಪ್ರತಿ ರೇಂಜ್ ಆಫೀಸಿನಲ್ಲೂ ಠಾಣೆಯಲ್ಲೂ ಇರಲಿ, ಅದನ್ನು ಮುರಿದವರ ಮೇಲೆ ದೂರು ಬಂದರೆ ತೆಗೆದುಕೊಳ್ಳಲಿ. ನಿಯಮ ಮಾತ್ರ ಅವರೇ ಬರೆಯಲಿ, ಅವರ ಮಾತಿನಲ್ಲೇ ಬರೆಯಲಿ.

ಹಳೇ ಕಟ್ಟುಪಾಡು ಅಂದರೆ ಹೆಂಗಸರ ಮಾತು ನಡೆಯದು ಅಂತ ಕೆಲವರು ಹೇಳುತ್ತಾರೆ. ಭಯ ಸುಳ್ಳಲ್ಲ. ಆದರೆ ಅರ್ಧದಷ್ಟು ಜನ ಹಾಜರಿರಬೇಕು, ಬಂದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು ಅಂತ ಅರಣ್ಯ ಹಕ್ಕು ನಿಯಮದಲ್ಲೇ ಇದೆ. ಅವತ್ತಿನ ಸಭೆಯಲ್ಲಂತೂ ನನ್ನ ಬರಹವನ್ನು ಹೆಚ್ಚು ತಿದ್ದಿಸಿದ್ದು ಆ ಅಜ್ಜಿಯೇ.

ಒಂದು ವಿಷಯ ಮಾತ್ರ ಬರೆಯೋಕಾಗಲಿಲ್ಲ. ತರಗು ಬೆಂಕಿ. ಬಿಸಿಲು ಏರುವ ಮುಂಚೆ ಒಣ ಎಲೆಗೆ ಸಣ್ಣ ಬೆಂಕಿ ಕೊಡುವುದು ಇವರ ಹಳೇ ಪದ್ಧತಿ. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಅನ್ನೋ ಪರಾವಲಂಬಿ ಗಿಡ ಹತ್ತಿ ಮರ ಒಣಗುತ್ತಿದೆ ಅನ್ನುತ್ತಾರೆ ಹಿರಿಯರು. ಆದರೆ ಈಗ ಕಾಡಿಗೆ ಬೆಂಕಿ ಇಟ್ಟರೆ ಅಪರಾಧ. "ಒಂದು ಪುಟ ಬಿಡಪ್ಪಾ" ಅಂದರು ಅಜ್ಜಿ. "ಫಾರೆಸ್ಟ್‌ನವರು ಬಂದು ಕೂತು ಮಾತಾಡಿದ ದಿನ ಬರೆಯೋಣ." ನೋಟ್‌ಬುಕ್ಕಿನ 14ನೇ ಪುಟ ಇವತ್ತಿಗೂ ಖಾಲಿ ಇದೆ.