ಮೂಗು ನೋಡಬೇಕು

ಅಳುವವರು ಖರೇನೇ ಅಳುತ್ತಿದ್ದಾರೋ ಇಲ್ಲವೋ ತಿಳಿಯಲು ನನ್ನ ಹೆಂಡತಿಯ ಬಳಿ ಒಂದು ಪರೀಕ್ಷೆಯಿದೆ. ಕಣ್ಣು ನೋಡಬಾರದು, ಮೂಗು ನೋಡಬೇಕು. ಕಣ್ಣಿಗೆ ಕರ್ಚೀಫು ಒತ್ತಿಕೊಳ್ಳುವುದು ಯಾರಿಗಾದರೂ ಬರುತ್ತದೆ. ಒಳಗಿನಿಂದ ಬಂದ ಅಳುವಾದರೆ ಮೂಗು ಸೋರಿಯೇ ಸೋರುತ್ತದೆ. ಆಗ ಮನುಷ್ಯ ಯಾರಿದ್ದಾರೆ ಯಾರಿಲ್ಲ ನೋಡದೆ ಸೊರ್ರೆಂದು ಎಳೆದುಕೊಳ್ಳುತ್ತಾನೆ. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಸಣ್ಣಾಕಿ ಇದ್ದಾಗಿನಿಂದ ಎಷ್ಟೋ ಮಂದಿಯ ಮಣ್ಣಿಗೆ ಹೋಗಿ ಬಂದವಳು ಅವಳು. ಯಾವ ಸೊಸೆ ಯಾವ ಅತ್ತೆಗೆ ಎಷ್ಟು ಅತ್ತಳು ಎಂಬುದರಲ್ಲಿ ಅವಳು ಹೇಳಿದ್ದೇ ಕಡೆಯ ಮಾತು.

ಈಗ ಆ ಪರೀಕ್ಷೆ ಟೀವಿಯ ಮುಂದೆ ನಡೆಯುತ್ತದೆ. ರಾತ್ರಿ ರೊಟ್ಟಿ ಬಡಿಯುವುದು ಮುಗಿಸಿ ಬಂದು ಕೂತರೆ ಯಾರಾದರೊಬ್ಬ ನಾಯಕರು ರೈತರ ಕಷ್ಟ ನೆನೆದು ಗಂಟಲು ಕಟ್ಟಿಸಿಕೊಂಡಿರುತ್ತಾರೆ. "ಮೂಗು ಒಣಗೇ ಅದ ನೋಡ್ರಿ," ಎಂದು ಹೇಳಿ ಚಾನೆಲ್ ಬದಲಿಸುತ್ತಾಳೆ. ಪಕ್ಷಭೇದವಿಲ್ಲ. ಎಲ್ಲರ ಮೂಗೂ ಅವಳಿಗೆ ಒಂದೇ.

ಆದರೆ ನನಗೆ ಒಂದು ಅನುಮಾನ ಉಳಿದುಬಿಟ್ಟಿದೆ. ಅದು ಹುಟ್ಟಿದ್ದು ತೊಗರಿಗೆ ನೆಟೆ ರೋಗ ಬಂದ ವರ್ಷ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು, ನಿಜ, ಆದರೆ ರೋಗಕ್ಕೆ ಆ ಸರ್ಟಿಫಿಕೇಟು ಓದಲು ಬರುವುದಿಲ್ಲ. ನೆಟೆ ಬಹಳ ಕೆಟ್ಟದ್ದು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ಗಿಡದೊಳಗೆ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಹೊಲದಲ್ಲಿ ಹಸಿ ಇದ್ದೂ ಗಿಡ ನಿಂತಲ್ಲೇ ಬಾಯಾರಿ ಸಾಯುತ್ತದೆ, ಅದೂ ಹೂವು ಕಾಯಿ ಹಿಡಿಯುವ ಹೊತ್ತಿಗೆ. ಬಿತ್ತನೆ, ಗೊಬ್ಬರ, ಎಣ್ಣಿ ಹೊಡೆದದ್ದು ಎಲ್ಲ ಖರ್ಚೂ ಮುಗಿದ ಮೇಲೆ.

ಆ ವರ್ಷ ಡಿಸಿ ಆಫೀಸಿನ ಮುಂದೆ ಒಂದು ಪ್ರತಿಭಟನೆ. ನಾನು ಯಾವುದೋ ಕಾಗದಕ್ಕೆ ಹೋದವನು ನೋಡುತ್ತ ನಿಂತೆ. ಹಳ್ಳಿಯಿಂದ ಟಂಟಂನಲ್ಲಿ ಒಣ ತೊಗರಿ ಗಿಡದ ಹೊರೆ ತರಿಸಿದ್ದರು. ನಾಯಕರು ಇಳಿದರು, ಹಸಿರು ಶಾಲು ಬಿತ್ತು, ಕೈಗೆ ಗಿಡ ಬಂತು. ಕ್ಯಾಮೆರಾದವರು "ಸರ್, ಇನ್ನಷ್ಟು ಮ್ಯಾಲ" ಎಂದರು, ಗಿಡ ಮೇಲೇರಿತು. ಘೋಷಣೆ, ಮನವಿ ಪತ್ರ, ಭಾಷಣ. ನನ್ನ ಹೆಂಡತಿ ಇದ್ದಿದ್ದರೆ ಐದು ನಿಮಿಷಕ್ಕೆ ತೀರ್ಪು ಕೊಟ್ಟು ಸೂಪರ್ ಮಾರ್ಕೆಟ್ ಕಡೆ ನಡೆದುಬಿಡುತ್ತಿದ್ದಳು.

ನಾನು ನಿಂತದ್ದಕ್ಕೆ ಇನ್ನೊಂದು ಕಂಡಿತು. ಕ್ಯಾಮೆರಾಗಳು ಹೋದ ಮೇಲೆ ಆ ಮನುಷ್ಯ ಕಾರಿನ ಬಾಗಿಲು ತೆರೆದಿಟ್ಟು ಸೀಟಿನ ಅಂಚಿಗೆ ಕೂತಿದ್ದ. ಗಿಡ ಇನ್ನೂ ಕೈಯಲ್ಲೇ ಇತ್ತು. ಅದರಿಂದ ಒಂದು ಕಾಯಿ ಹರಿದು, ಹೆಬ್ಬೆರಳ ಉಗುರಿನಿಂದ ಸೀಳಿ ಒಳಗೆ ನೋಡಿದ. ನಾಲ್ಕು ಕಾಳಿನ ಜಾಗದಲ್ಲಿ ನಾಲ್ಕು ಸುಕ್ಕು. ಒಂದನ್ನು ಬಾಯಿಗೆ ಹಾಕಿಕೊಂಡು ಕಡಿದ, "ಥೂ, ಜಳ್ಳು" ಎಂದು ತನಗೆ ತಾನೇ ಅಂದುಕೊಂಡು ಉಗುಳಿದ. ಆ ಸೀಳುವ ರೀತಿ ಕಲಿತು ಬರುವಂಥದ್ದಲ್ಲ. ಸಣ್ಣವನಿದ್ದಾಗ ಬದುವಿನ ಮೇಲೆ ಕೂತು ಹಸಿ ಕಾಯಿ ತಿಂದವರ ಉಗುರಿಗೆ ಮಾತ್ರ ಬರುತ್ತದೆ. ಮುಖ ನಿಜಕ್ಕೂ ಸಣ್ಣದಾಗಿತ್ತು. ಅಷ್ಟರಲ್ಲಿ ಫೋನು ಬಂತು. ಆ ಕಡೆಯವರು ಏನು ಹೇಳಿದರೋ, ಆತ ಹೊಟ್ಟೆ ಕುಣಿಸುತ್ತ ನಕ್ಕ. ಕಾರು ಹೋಯಿತು. ಗಿಡ ರಸ್ತೆಯ ಬದಿಗೆ ಬಿದ್ದಿತ್ತು.

ಇದರಲ್ಲಿ ಖರೇ ಯಾವುದು? ಮನೆಗೆ ಬಂದು ಹೇಳಿದೆ. "ಮೂಗು?" ಎಂದಳು. ಮೂಗು ನೋಡುವುದು ಮರೆತಿದ್ದೆ.

ಖರೇ ಮನುಷ್ಯರೇ ಬೇಕು ಎಂದು ಹಠ ಹಿಡಿಯುವವರಿಗೆ ನಾನು ಸಿ.ಎಂ. ಸ್ಟೀಫನ್ ಅವರ ಕಥೆ ಹೇಳುವುದುಂಟು. 1980ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಗೆದ್ದಿದ್ದ ಧರಂಸಿಂಗ್ ಅವರು ರಾಜೀನಾಮೆ ಕೊಟ್ಟು, ದಿಲ್ಲಿಯಲ್ಲಿ ವಾಜಪೇಯಿಯವರ ಎದುರು ಸೋತಿದ್ದ ಈ ಕೇರಳದ ನಾಯಕರಿಗೆ ಕ್ಷೇತ್ರ ಬಿಟ್ಟುಕೊಟ್ಟರು. ಹೀಗೆ ನಮ್ಮ ಎಂಪಿ ಆದವರು ದೇಶದ ಸಂಪರ್ಕ ಖಾತೆ ಮಂತ್ರಿ. ಫೋನುಗಳು ಸತ್ತು ಬಿದ್ದಿರುತ್ತವೆ ಎಂಬ ದೂರು ಬಂದಾಗ, ಫೋನೇನು ಹಕ್ಕಲ್ಲ, ಬೇಡವಾದವರು ವಾಪಸು ಕೊಡಬಹುದು ಎಂಬ ಅರ್ಥದ ಮಾತನ್ನು ಅವರು ಪಾರ್ಲಿಮೆಂಟಿನಲ್ಲಿ ಆಡಿದರೆಂದು ಇವತ್ತಿಗೂ ನೆನೆಯುತ್ತಾರೆ. ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು. ಇಂಥವರ ಮೂಗು ನೋಡುವ ಕೆಲಸವೇ ಇಲ್ಲ. ಹಾಗಂತ ಅಂಥವರು ಇನ್ನೂ ನಾಲ್ಕು ಜನ ಬೇಕು ಅನಿಸುತ್ತದೆಯೇ? ನನಗಂತೂ ಇಲ್ಲ. ಸ್ವಲ್ಪ ನಾಟಕ ಮಾಡಿಯಾದರೂ ಫೋನು ರಿಪೇರಿ ಮಾಡಿಸುವವನು ವಾಸಿ.

ನಮ್ಮ ಅಲ್ಮಾರಿಯಲ್ಲಿ ಹೆಂಡತಿಯ ಇಳಕಲ್ ಸೀರೆಯ ಕೆಳಗೆ ಒಂದು ಪ್ಲಾಸ್ಟಿಕ್ ಕವರಿದೆ. ಅದರಲ್ಲಿ ಸಂವಿಧಾನದ 371(ಜೆ) ವಿಧಿಯಡಿ ಸಿಕ್ಕ ಮಗಳ ಸರ್ಟಿಫಿಕೇಟು. ಎಸಿ ಆಫೀಸಿಗೆ ಎಷ್ಟು ಸಲ ಅಲೆದೆವು ಎಂಬ ಲೆಕ್ಕ ಬೇಡ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ. 75ರಿಂದ 85ರಷ್ಟು ಸ್ಥಳೀಯರಿಗೆ ಮೀಸಲು. ಅದರ ಮೇಲೇ ಅವಳಿಗೆ ನೌಕರಿಯಾಗಿದ್ದು. ಆ ಕಾಗದದ ಹಿಂದೆ ಎಷ್ಟು ಜನರ ಬಾಯಿ ಒಣಗಿದೆ! ಪಕ್ಕದ ಆಂಧ್ರಕ್ಕೆ ಇಂಥದೇ 371(ಡಿ) ವಿಧಿ ಎಪ್ಪತ್ತರ ದಶಕದಲ್ಲೇ ಸಿಕ್ಕಿತ್ತು. ನಮ್ಮಲ್ಲಿ ವೈಜನಾಥ ಪಾಟೀಲರು ಹೋರಾಟ ಸಮಿತಿ ಕಟ್ಟಿಕೊಂಡು ವರ್ಷಗಟ್ಟಲೆ ಅದನ್ನೇ ಕೇಳಿದರು. ದಿಲ್ಲಿ ಒಮ್ಮೆ ಆಗುವುದಿಲ್ಲ ಎಂದಿತು. ಕಡೆಗೆ 2012ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ತಿದ್ದುಪಡಿ ಒಪ್ಪಿತು. ಖರ್ಗೆಯವರು, ಧರಂಸಿಂಗ್ ಅವರು ಅದಕ್ಕೆ ದುಡಿದರು ಎಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ವೋಟಿಗಾಗಿ ಮಾಡಿದರು ಎನ್ನುವವರೂ ಇದ್ದಾರೆ. ಇರಲಿ. ಅದೇ ಖರ್ಗೆಯವರು 2019ರಲ್ಲಿ ಇದೇ ಕಲಬುರಗಿಯಲ್ಲಿ ಸೋತರು, ಆದ್ದರಿಂದ ವೋಟಿನ ಲೆಕ್ಕವೇ ಆಗಿದ್ದರೆ ಅದು ಬಡ್ಡಿ ಕಟ್ಟದ ಸಾಲ. ಮಗಳ ಸರ್ಟಿಫಿಕೇಟು ಮಾತ್ರ ಯಾರ ಮನಸ್ಸಿನಲ್ಲಿ ಏನಿತ್ತೆಂದು ಕೇಳದೆ ಕೆಲಸ ಮಾಡಿತು. ಅದೇ ನಮ್ಮ ರೈಲ್ವೆ ವಿಭಾಗ ನೋಡಿ, 2014ರಿಂದ ಅದರ ಹೆಸರು ಕೇಳುತ್ತಿದ್ದೇವೆ, ಅದಕ್ಕಾಗಿ ಗಂಟಲು ಹರಿದುಕೊಳ್ಳದ ನಾಯಕರಿಲ್ಲ. ವಿಭಾಗವೂ ಇಲ್ಲ.

ಇಷ್ಟೆಲ್ಲ ಬರೆದವನ ಮೂಗಿನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಹೈಸ್ಕೂಲು ಮಾಸ್ತರನಾಗಿದ್ದವನು. ಪ್ರತಿ ಸೆಪ್ಟೆಂಬರ್ 17ಕ್ಕೆ, ಅಂದರೆ ನಮ್ಮ ಭಾಗದ ವಿಮೋಚನೆಯ ದಿನ, ಧ್ವಜ ಏರಿದ ಮೇಲೆ ನನ್ನದೇ ಭಾಷಣ. 1948, ನಿಜಾಮ, ರಜಾಕಾರರು, ಪೊಲೀಸ್ ಕಾರ್ಯಾಚರಣೆ, ಆಮೇಲೆ ನಮ್ಮ ಮುತ್ಯಾನ ಕಥೆ. ರಾತ್ರೋರಾತ್ರಿ ಮನೆಮಂದಿಯನ್ನು ಕಟ್ಟಿಕೊಂಡು ಸೊಲ್ಲಾಪುರ ಸೀಮೆಗೆ ದಾಟುವಾಗ ಮುತ್ಯಾ ಕೊಟ್ಟಿಗೆಯ ಎರಡು ಎತ್ತುಗಳ ಕಣ್ಣಿ ಬಿಚ್ಚಿ ಬಿಟ್ಟುಹೋಗಿದ್ದ. ಎತ್ತು ಎರಡೇ. ಒಂದು ವರ್ಷ ಹುಡುಗರು ಸದ್ದು ಮಾಡುತ್ತಿದ್ದಾರೆಂದು ನಾನು ಅದಕ್ಕೊಂದು ಕರು ಸೇರಿಸಿದೆ. ಕರು ಹಿಂದೆ ಹಿಂದೆ ಬಂತು, ಊರ ಅಗಸೆಯ ತನಕ ಬಂತು. ಹುಡುಗರು ಚುಪ್! ಮರುವರ್ಷದಿಂದ ಕರು ಕಾಯಂ ಆಯಿತು. ಅಲ್ಲಿಗೆ ಬಂದಾಗ ದನಿ ಸ್ವಲ್ಪ ಇಳಿಸಬೇಕು, ಎರಡು ಕ್ಷಣ ನಿಲ್ಲಬೇಕು ಎಂಬುದೂ ರೂಢಿಯಾಯಿತು. ಹೆಡ್ ಮಾಸ್ತರರು ಪ್ರತಿ ಸಲವೂ ಕನ್ನಡಕ ತೆಗೆಯುತ್ತಿದ್ದರು.

ಅಪ್ಪ ತೀರಿಕೊಂಡ ವರ್ಷ ಅದೇ ಭಾಷಣ, ಅದೇ ಅಗಸೆ. ಕರು ಬಂತು, ದನಿ ಇಳಿಸಿದೆ, ನಿಂತೆ. ಮುಂದಕ್ಕೆ ಮಾತೇ ಬರಲಿಲ್ಲ. ಇಲ್ಲದ ಕರುವಿಗಾಗಿ ಎಲ್ಲ ಹುಡುಗರ ಎದುರು ಖರೇನೇ ಅತ್ತುಬಿಟ್ಟೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದ್ದರು. ರಾತ್ರಿ ಹೆಂಡತಿ ಚಷ್ಮಾ ಏರಿಸಿ, ಸ್ಕ್ರೀನನ್ನು ಹತ್ತಿರಕ್ಕೆ ಹಿಡಿದು, ಎರಡು ಸಲ ನೋಡಿದಳು. ನಾನು ಉಸಿರು ಹಿಡಿದು ಕೂತಿದ್ದೆ.

"ಯಾಕ್ರೀ," ಎಂದಳು, "ಅವತ್ತ್ ನೆಗಡಿ ಆಗಿತ್ತೇನು?"