ನೂರು ವರ್ಷ ಬದುಕಲು ಏಳು ದಿನದ ಪ್ಯಾಕೇಜ್

ಮತ್ತೆ ಶುರುವಾಯಿತು ಇಕಾರಿಯಾ ಪುರಾಣ. ಜನ ತುಂಬಾ ವರ್ಷ ಬದುಕುತ್ತಾರೆ ಅಂತ ಹೆಸರಾದ ಗ್ರೀಸಿನ ಆ ಗುಡ್ಡಗಾಡು ದ್ವೀಪದ ಅಜ್ಜಂದಿರು ನಮ್ಮ ವಾಟ್ಸಾಪ್ ಗ್ರೂಪಿಗೂ ಬಂದು ಕೂತಿದ್ದಾರೆ. ಕೈಯಲ್ಲಿ ವೈನ್ ಲೋಟ, ಹಿಂದೆ ಮೇಕೆ, ಮೇಲೊಂದು ಸಾಲು: ದೀರ್ಘಾಯುಷ್ಯದ ಗುಟ್ಟು ಇಲ್ಲಿದೆ. ಕೆಳಗೆ ಏಳು ದಿನದ ಪ್ರವಾಸದ ದರ. ಊಟ, ತಿಂಡಿ ಸೇರಿ. ಆಯುಷ್ಯಕ್ಕೆ ಬೇರೆ ಚಾರ್ಜ್ ಇಲ್ಲ.

ಅಮೆರಿಕದಿಂದ ವಾಪಸ್ ಬಂದ ಅಜ್ಜನ ಕಥೆ ನಿಮಗೂ ಗೊತ್ತಲ್ವಾ? ಶ್ವಾಸಕೋಶದ ಕ್ಯಾನ್ಸರ್, ಡಾಕ್ಟರುಗಳು ಕೊಟ್ಟ ಒಂಬತ್ತು ತಿಂಗಳ ಗಡುವು, ಸತ್ತರೆ ಊರಲ್ಲೇ ಸಾಯೋಣ ಅಂತ ಇಕಾರಿಯಾಗೆ ಬಂದಿದ್ದು, ದ್ರಾಕ್ಷಿ ತೋಟ ಮಾಡಿಕೊಂಡು ಮೂವತ್ತು ವರ್ಷಕ್ಕೂ ಜಾಸ್ತಿ ಬದುಕಿದ್ದು. ಕೊನೆಗೆ ಆ ಡಾಕ್ಟರುಗಳನ್ನು ಹುಡುಕಿಕೊಂಡು ಹೋದರೆ ಅವರೇ ತೀರಿಕೊಂಡಿದ್ದರಂತೆ. ಒಳ್ಳೆಯ ಕಥೆ. ಆದರೆ ಅಜ್ಜ ರಿಟರ್ನ್ ಟಿಕೆಟ್ ತೆಗೆಸಿರಲಿಲ್ಲ.

ಪ್ಯಾಕೇಜಿನವರು ರಿಟರ್ನ್ ಟಿಕೆಟ್ ಹಿಡಿದೇ ಬರುತ್ತಾರೆ. ಅವರಿಗೆ ಅವಸರವಿಲ್ಲದ ಬದುಕನ್ನು ಏಳು ದಿನದೊಳಗೆ ಕಲಿಸಿ ಮುಗಿಸಬೇಕು. ಬೆಳಗ್ಗೆ ಯೋಗ, ಆಮೇಲೆ ಅಡುಗೆ ಕ್ಲಾಸು, ಆಮೇಲೆ ಸೊಪ್ಪು ಕೀಳುವುದು, ಮಧ್ಯಾಹ್ನ ನಿದ್ದೆ. ದಯವಿಟ್ಟು ನಿದ್ದೆಗೆ ಸರಿಯಾದ ಟೈಮಿಗೆ ಬನ್ನಿ, ಮುಂದಿನ ಬ್ಯಾಚ್ ಕಾಯುತ್ತಿದೆ. ಇದೆಲ್ಲ ನಡೆಯುವುದು ಕ್ರಿಸ್ತೋಸ್ ರಾಹೆಸ್ ಅನ್ನೋ ಹಳ್ಳಿ ಇರುವ ದ್ವೀಪದಲ್ಲಿ. ರಾತ್ರಿ ಹೊತ್ತು ಅಂಗಡಿ ತೆಗೆಯುವುದಕ್ಕೇ ಆ ಹಳ್ಳಿ ಹೆಸರುವಾಸಿ.

ಅಲ್ಲಿಗೆ ಹೋಗುವುದೂ ಒಂದು ಮಜಾ. ವಿಮಾನ ನಿಲ್ದಾಣದ ಹೆಸರು ಇಕಾರಸ್. ಯಾರು ಇಕಾರಸ್? ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ, ಮೇಣ ಕರಗಿ, ಇದೇ ಕಡಲಿಗೆ ದೊಪ್ಪನೆ ಬಿದ್ದು ಸತ್ತವನು. ಅವನ ಹೆಸರನ್ನು ಕಡಲಿಗೆ ಇಟ್ಟಿದ್ದು ಸರಿ, ದ್ವೀಪಕ್ಕೆ ಇಟ್ಟಿದ್ದೂ ಸರಿ. ವಿಮಾನ ನಿಲ್ದಾಣಕ್ಕೆ? ಹೆಸರಿಡುವಾಗ ಸಭೆಯಲ್ಲಿ ಒಬ್ಬರಾದರೂ ಕೆಮ್ಮಲಿಲ್ಲವೇ? ಬೇಡಪ್ಪ ಅಂತ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹಡಗು ಹತ್ತಿದರೆ ಗಂಟೆಗಟ್ಟಲೆ ಪ್ರಯಾಣ. ಬೇಸಿಗೆಯ ಮೆಲ್ತೇಮಿ ಗಾಳಿ ಜೋರಾದರೆ ಹಡಗೇ ಬಿಡುವುದಿಲ್ಲ. ಅವಸರವಿಲ್ಲದ ಬದುಕಿನ ಮೊದಲ ಪಾಠ ಫ್ರೀಯಾಗಿ ಬಂದರಿನಲ್ಲೇ ಸಿಗುತ್ತದೆ.

ಇನ್ನು ವಯಸ್ಸಿನ ಲೆಕ್ಕ. 2024ರಲ್ಲಿ ಸಾಲ್ ಜಸ್ಟಿನ್ ನ್ಯೂಮನ್ ಅನ್ನೋ ಸಂಶೋಧಕನಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು. ಬಡತನ ಜಾಸ್ತಿ, ಜನನ ದಾಖಲೆ ಕಡಿಮೆ ಇರುವ ಕಡೆಯೇ ಅತಿ ವೃದ್ಧರು ಲೆಕ್ಕದಲ್ಲಿ ಜಾಸ್ತಿ ಸಿಗುತ್ತಾರೆ ಅಂತ ಆತ ತೋರಿಸಿದ. ಜಪಾನಿನಲ್ಲಿ 2010ರಲ್ಲಿ ಹುಡುಕಿದಾಗ ನೂರು ದಾಟಿದ 2,30,000ಕ್ಕೂ ಹೆಚ್ಚು ಜನ ಕಡತದಲ್ಲಿದ್ದರು, ಊರಲ್ಲಿರಲಿಲ್ಲ. ಗ್ರೀಸ್ ಸಾಲದಲ್ಲಿ ಮುಳುಗಿ ಲೆಕ್ಕ ಕೆದಕಿದಾಗ, ಸತ್ತ ಸಾವಿರಾರು ಜನಕ್ಕೆ ತಪ್ಪದೆ ಪಿಂಚಣಿ ಹೋಗುತ್ತಿತ್ತು. ಆಲಿವ್ ಎಣ್ಣೆಗಿಂತ ಪಿಂಚಣಿ ಪುಸ್ತಕವೇ ಆಯುಷ್ಯಕ್ಕೆ ಒಳ್ಳೆಯದು ಅಂತಾಯಿತು. ಇಕಾರಿಯಾದಲ್ಲಿ ಅಧ್ಯಯನ ಮಾಡಿದವರು, ನಾವು ವಯಸ್ಸು ತಾಳೆ ನೋಡಿಯೇ ಬರೆದಿದ್ದೇವೆ ಅಂತಾರೆ. ಇರಬಹುದು. ಜಗಳ ಅವರವರದು. ಇಕಾರಿಯಾದಂಥ ದೀರ್ಘಾಯುಷಿಗಳ ಜಾಗಗಳಿಗೆ ಇಟ್ಟ ‘ಬ್ಲೂ ಜೋನ್’ ಅನ್ನೋ ಹೆಸರಂತೂ ಟ್ರೇಡ್‌ಮಾರ್ಕ್ ಆಗಿ, ಅದರ ಕಂಪನಿಯನ್ನು 2020ರಲ್ಲಿ ಅಮೆರಿಕದ ಆಸ್ಪತ್ರೆ ಸಂಸ್ಥೆಯೊಂದು ಕೊಂಡುಕೊಂಡಿತು. ಕಾಯಿಲೆ ಬೀಳದವರ ಹೆಸರಿಗೆ ಆಸ್ಪತ್ರೆಯವರೇ ಗಿರಾಕಿ!

ತಮಾಷೆ ಸಾಕು. ಈ ‘ನೆಮ್ಮದಿ’ ಎಲ್ಲಿಂದ ಬಂತು ಅಂತ ಯಾವ ಜಾಹೀರಾತಿನಲ್ಲೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಇದೇ ದ್ವೀಪದ ಜನ ಹಸಿದು ಸತ್ತರು. ಅದಾದ ಮೇಲೆ ಅಂತರ್ಯುದ್ಧದ ಕಾಲದಲ್ಲಿ ಸರ್ಕಾರ ಸುಮಾರು 13,000 ಕಮ್ಯುನಿಸ್ಟರನ್ನು ಇಲ್ಲಿಗೆ ಗಡೀಪಾರು ಮಾಡಿತು. ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್ ಕೂಡ ಅವರಲ್ಲೊಬ್ಬರು. ತಮಗೇ ಊಟ ಸಾಲದಿದ್ದ ಊರಿನವರು ಆ ಕೈದಿಗಳಿಗೆ ಮನೆ ಬಾಗಿಲು ತೆಗೆದರು. ಸರ್ಕಾರಕ್ಕೆ ಆಗ ಅದು ಬೇಡದವರನ್ನು ಎಸೆಯುವ ಬಂಡೆ. ಈಗ ಅದೇ ದೇಶದ ಟೂರಿಸಂ ರತ್ನ.

ಗುಡ್ಡ ಹತ್ತಿ ಇಳಿದು ಗಟ್ಟಿಯಾದರು ಅಂತ ಈಗ ಹೊಗಳುತ್ತಾರೆ. ರಸ್ತೆ ಇರಲಿಲ್ಲ ಕಣ್ರೀ. ಮಾಂಸ ಕಡಿಮೆ ತಿಂದರು ಅಂತಾರೆ. ಕೊಳ್ಳೋಕೆ ದುಡ್ಡಿರಲಿಲ್ಲ. ಇವತ್ತಿಗೂ ಗ್ರೀಸಿನ ಸಣ್ಣ ದ್ವೀಪಗಳಲ್ಲಿ ಡಾಕ್ಟರುಗಳಿಲ್ಲ ಅನ್ನೋ ಗೋಳು ತಪ್ಪಿಲ್ಲ. ತೊಂಬತ್ತೈದರ ಅಜ್ಜಿಗೆ ನಡುರಾತ್ರಿ ಎದೆನೋವು ಬಂದು, ಹೊರಗೆ ಗಾಳಿಗೆ ಹಡಗು ನಿಂತಿದ್ದರೆ ಏನು ಮಾಡಬೇಕು ಅಂತ ಪ್ಯಾಕೇಜಿನವರನ್ನು ಒಮ್ಮೆ ಕೇಳಿ ನೋಡಿ. ಇನ್ನೊಂದು ಲೋಟ ವೈನ್ ಕುಡಿಸಿ ಅಂದಾರು.